ಅಮ್ಮ ಕಾಯಿಸಿದ ಹಾಲು

ಪ್ರೀತಿಯ ಅಕ್ಕಾ,

ಗೊತ್ತಾಯಿತು! ನಿನ್ನ ಯಂತ್ರವೂ ಕೆಟ್ಟಿಲ್ಲ, ನನ್ನ ಹಾಲೂ ಕೆಟ್ಟಿಲ್ಲ.

ನಿನ್ನ ಲ್ಯಾಬಿಗೆ ಕಳಿಸಿದ ನನ್ನ ಎದೆಹಾಲಿನಲ್ಲಿ ನಾಯಿಕೆಮ್ಮನ್ನು ತಡೆಯುವ ಪ್ರತಿಕಾಯಗಳೇ ಕಾಣುತ್ತಿಲ್ಲ ಎಂದು ನೀನು ಹೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಬಸುರಿಯಾಗಿದ್ದಾಗ ಹಾಕಿಸಿಕೊಂಡ ಲಸಿಕೆ ದಂಡವಾಯಿತೇ ಎಂದು, ಪಾಪು ಸೀನಿದರೂ ಎದೆ ಧಸಕ್ಕೆನ್ನುತ್ತಿತ್ತು. ಪಕ್ಕದ ಮನೆಯ ಮಗು ಬೇರೆ ಕೆಮ್ಮುತ್ತಿದೆ.

ಇವತ್ತು ನೀನು ಕೇಳಿದ ಎರಡನೇ ಬಾಟಲಿ ತುಂಬಿಸಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅಮ್ಮ ಅದನ್ನು ಪಾತ್ರೆಗೆ ಸುರಿದು ಒಲೆ ಹಚ್ಚುತ್ತಿದ್ದಾಳೆ!

"ಅಮ್ಮಾ, ಏನ್ ಮಾಡ್ತಿದ್ದೀಯ?"

"ಹೋದ ಸಲದ ಹಾಗೇ ಚೆನ್ನಾಗಿ ಕಾಯಿಸಿ ಕೊಡ್ತೀನಿ. ಅಷ್ಟು ದೂರ ಹೋಗೋ ಹಾಲು, ಒಡೆದುಹೋದ್ರೆ ನಿಮ್ಮಕ್ಕನ ಮಾನ ಏನಾಗ್ಬೇಕು?"

ಹೋದ ಸಲದ ಹಾಗೇ, ಅಕ್ಕಾ! ಕುದಿಸಿದರೆ ಪ್ರತಿಕಾಯಗಳು ಹಾಳಾಗುತ್ತವೆ ಎಂದು ನೀನೇ ಹೇಳಿದ್ದೆಯಲ್ಲ? ನಾನು ಅಮ್ಮನನ್ನು ತಬ್ಬಿಕೊಂಡು ಕುಣಿದುಬಿಟ್ಟೆ. "ಬಾಣಂತಿಗೆ ತಲೆ ಕೆಟ್ಟಿದೆ" ಅಂದಳು. ವಿಷಯ ತಿಳಿದ ಮೇಲೆ ಬೈಗುಳ ನಿನ್ನ ಕಡೆ ತಿರುಗಿತು: "ಇಷ್ಟು ಓದಿದೋಳು, ಹಾಲು ಕಾಯಿಸಿದ್ರಾ ಅಂತ ಒಂದು ಮಾತು ಕೇಳಬಾರದಿತ್ತಾ?"

ಮತ್ತೆ ತುಂಬಿಸಿದ ಹಸಿ ಹಾಲನ್ನು ಐಸ್ ಡಬ್ಬಿಯಲ್ಲಿಟ್ಟು, ಈ ಪತ್ರದ ಜೊತೆ ಅಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಇನ್ನೊಬ್ಬರು ಮುಟ್ಟಕೂಡದಂತೆ, ಅವಳದೇ ಹಟ. ನಿನ್ನ ಲ್ಯಾಬಿನಲ್ಲಿ ಒಲೆಯಿದ್ದರೆ ಅವಳನ್ನು ಅದರ ಹತ್ತಿರ ಮಾತ್ರ ಬಿಡಬೇಡ.

ಫಲಿತಾಂಶ ಬಂದ ಕೂಡಲೇ ಫೋನ್ ಮಾಡು. ಪಾಪು ಮಲಗಿರುತ್ತದೆ ಎಂದು ಹಿಂದೆಮುಂದೆ ನೋಡಬೇಡ. ಎದ್ದರೆ ಹಾಲು ಕೊಟ್ಟು ಮಲಗಿಸುತ್ತೇನೆ.

ಇವತ್ತಾದರೂ ನಿದ್ದೆ ಮಾಡಲಿರುವ,
ನಿನ್ನ ತಂಗಿ