ಕೊನೆಗೆ ಅವ್ವನನ್ನು ಕೇಳುವುದು

ಅವ್ವಾ,

ಜಮಖಂಡಿಯ ಕಾಲೇಜಿನ ಕಂಪ್ಯೂಟರ್ ತರಗತಿಯಲ್ಲಿ ರಿಕರ್ಷನ್ ಕಲಿಸುವಾಗ ನಾನು ಪ್ರತಿ ವರ್ಷ ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ಮಗಳು ಐಶ್ವರ್ಯ ನನ್ನನ್ನು ಕೇಳುತ್ತಾಳೆ, ನಾನು ಅಕ್ಕನನ್ನು, ಅಕ್ಕ ನಿನ್ನನ್ನು. ನೀನು ಯಾರನ್ನೂ ಕೇಳದೆ ಹೇಳುತ್ತೀ. ಉತ್ತರ ಬಂದ ದಾರಿಯಲ್ಲೇ ಮರಳುತ್ತದೆ. ಪ್ರೋಗ್ರಾಂ ಕೂಡ ಹೀಗೆಯೇ ತನ್ನನ್ನೇ ಮತ್ತೆ ಮತ್ತೆ ಕರೆಯುತ್ತದೆ. ಕೊನೆಗೆ ಒಂದು ಕಡೆ ಸಿದ್ಧ ಉತ್ತರ ಇರಲೇಬೇಕು, ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ ಎನ್ನುತ್ತೇನೆ.

ನೀನು ತೀರಿಕೊಂಡ ಮೇಲೆ ಇದು ಮೊದಲ ಬೇಸಿಗೆ. ಇವತ್ತು ಐಶ್ವರ್ಯ ಮುಧೋಳದ ತನ್ನ ಮನೆಯಿಂದ ಫೋನ್ ಮಾಡಿದಳು. ವರ್ಷದ ಖಾರ ಕುಟ್ಟಿಸಲು ಹೊರಟಿದ್ದಳು.

"ಅವ್ವಾ, ಕಿಲೋ ಮೆಣಸಿನಕಾಯಿಗೆ ಕೊತ್ತಂಬರಿ ಕಾಳ ಎಷ್ಟ ಹಾಕ್ಲಿ?"

"ತಡಿ, ದೊಡ್ಡವ್ವನ್ನ ಕೇಳ್ತೀನಿ" ಎಂದು ಬನಹಟ್ಟಿಯ ಅಕ್ಕನಿಗೆ ಫೋನ್ ಹಚ್ಚಿದೆ.

"ತಡಿ ಬೇ, ಅವ್ವನ್ನ ಕೇಳಿ ಹೇಳ್ತೀನಿ" ಎಂದ ಅಕ್ಕ, ನೀನಿರುತ್ತಿದ್ದ ಒಳಮನೆಯ ಕಡೆ ತಿರುಗಿ "ಅವ್ವಾ" ಎಂದು ಕೂಗಿಯೇಬಿಟ್ಟಳು.

ಫೋನಿನಲ್ಲಿ ಅವಳ ಓಣಿಯ ಮಗ್ಗಗಳ ಸದ್ದು ಕೇಳುತ್ತಿತ್ತು.

ಐಶ್ವರ್ಯಳಿಗೆ ಮರಳಿ ಫೋನ್ ಹಚ್ಚಿ "ಪಾವ್ ಕಿಲೋ ಹಾಕವ್ವ" ಎಂದೆ.

"ಆಯಿ ಹಿಂಗ ಹಾಕ್ತಿದ್ಲೇನ?" ಎಂದು ನಿನ್ನ ಮೊಮ್ಮಗಳು ಕೇಳಿದಳು.

ಹೂಂ ಎಂದೆ. ನನಗೆ ಗೊತ್ತಿರಲಿಲ್ಲ, ಅವ್ವಾ. ಪ್ರತಿ ವರ್ಷ ಕೇಳುತ್ತಿದ್ದೆ. ನೀನಿದ್ದೆಯಲ್ಲ, ನೆನಪಿಟ್ಟುಕೊಳ್ಳಲೇ ಇಲ್ಲ.