ಕಲ್ಲಿಗೆ ಜೋಳ ಹಾಕುವಷ್ಟು ಬಿಡುವು

ಹುಕ್ಕೇರಿಯ ಪಿಟೀಲು ಮಾಸ್ತರರಿಗೆ, ನಿಮ್ಮ ಶಿಷ್ಯೆ ವಿಜಯಶ್ರೀಯ ತಾಯಿಯ ನಮಸ್ಕಾರ.

ಮಗಳಿಗೆ ಕಲಿಸಿದ ಹೊಸ ಧಾಟಿಯನ್ನು ಚೆಕ್ ದೇಶದ ಹಳೆಯ ಸಂಗೀತ ಮಾಸ್ತರನೊಬ್ಬ ತನ್ನ ಶಿಷ್ಯರಿಗಾಗಿ ಬರೆದ ಎಂದಿರಂತೆ. ಪುಸ್ತಕ ಕೇಳಿದರೆ "ಮನ್ಯಾಗ ಐತಿ, ನಾಳೆ ತರತೇನಿ" ಅನ್ನುತ್ತೀರಂತೆ. ತಿಂಗಳಾಯಿತು. ನನ್ನ ಅವ್ವನ ಬೀಸುವ ಪದದ ಧಾಟಿಯೂ ಇದೇ. ಕಲ್ಲಿಗೆ ಹಿಡಿ ಜೋಳ ಹಾಕಲು ಅವಳು ಎಲ್ಲಿ ಹಾಡು ನಿಲ್ಲಿಸುತ್ತಿದ್ದಳೋ ಪಿಟೀಲೂ ಅಲ್ಲೇ ನಿಲ್ಲುತ್ತದೆ. ಆ ಮಾಸ್ತರನೂ ಜೋಳ ಬೀಸುತ್ತಿದ್ದನೇ?

ಹೋದ ವರ್ಷ ಘೋಡಗೇರಿಯ ನಮ್ಮ ಮನೆಗೆ ಬಂದು, "ಆಯಿ, ಇನ್ನೊಮ್ಮೆ ಹಾಡ್ರಿ" ಎಂದು ಅವ್ವ ಬೀಸುತ್ತ ಹಾಡಿದ ಪದವನ್ನು ಮೊಬೈಲಿನಲ್ಲಿ ತುಂಬಿಕೊಂಡವರು ನೀವೇ.

ಧಾಟಿಗೆ ಯಾರ ಹೆಸರಾದರೂ ಹೇಳಿಕೊಳ್ಳಿ. ಅವ್ವ ತೀರಿಕೊಂಡಿದ್ದಾಳೆ, ಅವಳ ದನಿ ನಮ್ಮಲ್ಲಿ ಎಲ್ಲೂ ಇಲ್ಲ. ಅದನ್ನು ಕಳಿಸಿ. ನಡುನಡುವೆ ಕಲ್ಲಿನ ಸದ್ದಷ್ಟೇ ಇರುವ ಕಡೆ ಕತ್ತರಿಸಬೇಡಿ.

ನಂದಾ