ಅರುಂಧತಿಗೆ ಓದಿಕೊಟ್ಟ ಪುಸ್ತಕ

ಮಳವಳ್ಳಿ
೧೬ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಮಹದೇವನಿಗೆ,

ನಿನ್ನ ಅಕ್ಕ ನಾಗರತ್ನಳ ಆಶೀರ್ವಾದ. ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಶಿವನಸಮುದ್ರದ ಪವರ್ ಹೌಸಿನಲ್ಲಿ ಇಪ್ಪತ್ತೆರಡು ವರ್ಷ ನೀರಿನ ತಂಪಿನಲ್ಲಿದ್ದವನನ್ನು ರಾಯಚೂರಿನ ಕಲ್ಲಿದ್ದಲ ಬೂದಿಗೆ ವರ್ಗ ಮಾಡಿದ ಪುಣ್ಯಾತ್ಮರು ಯಾರೋ, ಅವರ ಎದೆಯೂ ಒಂದು ದಿನ ಹೀಗೇ ಗೊರಗುಟ್ಟಲಿ. ಡಾಕ್ಟರ್ ಬರೆದುಕೊಟ್ಟ ಔಷಧಿಯನ್ನು ಅರ್ಧಕ್ಕೆ ಬಿಡಬೇಡ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ, ಅದರ ವಿಷಯ ಬಿಡು. ಪ್ರೀತಂ ಪರೀಕ್ಷೆ ಹೇಗೆ ಬರೆಯುತ್ತಿದ್ದಾನೆ? ಮಗುವನ್ನು ಬೆಳಗಿನ ಜಾವಕ್ಕೇ ಎಬ್ಬಿಸಿ ಗೋಳು ಹೊಯ್ದುಕೊಳ್ಳಬೇಡಿ.

ನೀನು ಫೋನ್ ಎತ್ತುವುದು ಬಿಟ್ಟು ಹತ್ತೊಂಬತ್ತು ದಿನವಾಯಿತು. ಪುಷ್ಪಾಗೆ ಮಾಡಿದರೆ ‘ಅವ್ರು ಡ್ಯೂಟಿಲವ್ರೆ ಅಕ್ಕ’ ಎನ್ನುತ್ತಾಳೆ, ಪಾಪ. ಅವಳ ಹಿಂದಿನಿಂದ ನಿನ್ನ ಕೆಮ್ಮು ನನಗೆ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಂಚೆಯವನು ಕೈಗೆ ಕೊಟ್ಟದ್ದನ್ನು ಹರಿದು ಹಾಕುವುದಕ್ಕಾದರೂ ನೀನು ಒಮ್ಮೆ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಪೂರ್ತಿ ಓದು. ಸಿಟ್ಟು ನಿನಗೊಬ್ಬನಿಗೇ ಬಂದಿಲ್ಲ.

ಬೆಳಕವಾಡಿಯ ಅರುಂಧತಿಯನ್ನು ನೀನು ನೋಡಿಲ್ಲ. ಹುಟ್ಟಿದಾಗಿನಿಂದ ಕಣ್ಣು ಕಾಣದ ಹುಡುಗಿ. ನಾನು ಆ ಊರಿನ ಶಾಲೆಯಲ್ಲಿದ್ದಾಗ ನನ್ನ ಪಕ್ಕದಲ್ಲೇ ಕೂತು ಮಗ್ಗಿ ಕಲಿತವಳು, ಈಗ ಮಳವಳ್ಳಿಯಲ್ಲಿ ಬಿ.ಎ. ಓದುತ್ತಿದ್ದಾಳೆ. ಕಾಲೇಜಿನವರು ‘ನಿಮ್ಮ ಸೀಮೆಯ ಬಗ್ಗೆ ಬಂದ ಒಂದು ಪುಸ್ತಕ ಓದಿ ಬರೆಯಿರಿ’ ಅಂದಾಗ ಅವಳು ನಿನ್ನ ‘ಟ್ರಾಲಿ ದಾರಿ’ಯನ್ನು ಆರಿಸಿಕೊಂಡಳು. ಅವಳ ತಾತ ನಮ್ಮ ಅಪ್ಪನ ಜೊತೆಯಲ್ಲೇ ಆ ಪವರ್ ಹೌಸಿನಲ್ಲಿ ಕೂಲಿ ಮಾಡಿದವರು. ಹಳಿಯ ಮೇಲಿನ ಟ್ರಾಲಿಯಲ್ಲಿ ಕೂತು ಕಣಿವೆಯ ಪವರ್ ಹೌಸಿಗೆ ಇಳಿಯುವವರ ಕಥೆ ಪುಸ್ತಕವಾಗಿದೆ ಎಂದು ಯಾರೋ ಹೇಳಿದ್ದರಂತೆ. ನಾನು ಅವಳ ಪರವಾಗಿ ಮಂಡ್ಯದ ಪುಸ್ತಕದಂಗಡಿಗೆ ಹೋದೆ. ‘ಅದು ಮುಗ್ದೋಯ್ತು ಮೇಡಂ, ಕೇಳೋರಿಲ್ಲ ಅಂತ ಎರಡ್ನೇ ಸಲ ಪ್ರಿಂಟೇ ಮಾಡ್ಸಿಲ್ಲ’ ಅಂದ. ಕೇಳುವವಳು ನಾನು ಅವನ ಎದುರಿಗೇ ನಿಂತಿದ್ದೆ! ಪುಸ್ತಕ ಸಿಕ್ಕಿದ್ದರೂ ಅವಳು ಕೈಯಲ್ಲಿ ಹಿಡಿದು ಏನು ಮಾಡಬೇಕಿತ್ತು ಹೇಳು. ಆಡಿಯೋ ಮಾಡಿ ಎಂದು ನೀನೇ ಪುಸ್ತಕ ಓದಿ ಕೇಳಿಸುವ ಆ ಆಪ್ ಕಂಪನಿಗೆ ಎರಡು ವರ್ಷದ ಹಿಂದೆ ಬರೆದಿದ್ದೆ. ಕನ್ನಡದಲ್ಲಿ ಇಂಥದಕ್ಕೆ ಮಾರ್ಕೆಟ್ ಇಲ್ಲ ಅಂದಿದ್ದರು.

ಹಾಗಾಗಿ ನೀನು ಸಹಿ ಹಾಕಿಕೊಟ್ಟ ಪ್ರತಿಯನ್ನೇ ಹಿಡಿದುಕೊಂಡು ನಾನು ಓದಲು ಕೂತೆ. ಮಧ್ಯಾಹ್ನದ ಹೊತ್ತು ಕಿಟಕಿ ಹಾಕಿ, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತಾ ಹದಿನೈದು ದಿನ ಫೋನಿನಲ್ಲಿ ರೆಕಾರ್ಡ್ ಮಾಡಿ ಅವಳ ಫೋನಿಗೆ ಕಳಿಸಿದೆ. ಕಬ್ಬಿನ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋದಾಗಲೆಲ್ಲ ನಿಲ್ಲಿಸಿ ಮತ್ತೆ ಮೊದಲಿಂದ ಓದಬೇಕಿತ್ತು. ಅಪ್ಪ ಮೊದಲ ದಿನ ಟ್ರಾಲಿ ಹತ್ತುವ ಅಧ್ಯಾಯದಲ್ಲಿ ಮೂರು ಸಲ ರೆಕಾರ್ಡ್ ನಿಲ್ಲಿಸಿದೆ. ಕಣ್ಣು ಕಾಣದವರಿಗೆ ಹೀಗೆ ಓದಿಕೊಡುವುದಕ್ಕೆ ಕಾನೂನಿನಲ್ಲೇ ಅವಕಾಶವಿದೆಯಂತೆ. ಕಾನೂನು ಹಾಗಿರಲಿ, ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ತಮ್ಮನ ಹತ್ತಿರ ಏನು ಕೇಳುವುದು ಅಂದುಕೊಂಡೆ. ಅದು ನನ್ನ ಮೊದಲನೆಯ ತಪ್ಪು.

ಈ ಜನವರಿಯಲ್ಲಿ ಅದೇ ಕಂಪನಿಯವರು ಮನಸ್ಸು ಬದಲಿಸಿ, ಪುಸ್ತಕವನ್ನು ದೊಡ್ಡ ನಟರೊಬ್ಬರಿಂದ ಓದಿಸುತ್ತೇವೆ ಅಂದದ್ದು ನನಗೆ ಗೊತ್ತೇ ಇರಲಿಲ್ಲ. ಸಹಿ ಆದ ಮೇಲೆ ಹೇಳೋಣ ಎಂದು ನೀನು ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಟೆಲಿಗ್ರಾಮಿನಲ್ಲಿ ಇಡೀ ಪುಸ್ತಕ ನನ್ನ ಧ್ವನಿಯಲ್ಲಿ ಬಿಟ್ಟಿ ಸಿಗುತ್ತಿದೆ ಎಂದು ಅವರಿಗೆ ಯಾರೋ ತೋರಿಸಿದರು, ಮಾತುಕತೆ ಮುರಿಯಿತು. ಆ ದಿನ ನೀನು ಫೋನಿನಲ್ಲಿ ‘ಅಕ್ಕ, ಅತ್ತು ವರ್ಷ ಬರ್ದೆ ಕಣಕ್ಕ. ನೀನು ಅದಿನೈದ್ ದಿನದಲ್ಲಿ ಅಂಚ್ಬುಟ್ಟೆ’ ಅಂದು ಫೋನ್ ಇಟ್ಟೆ.

ಮಾರನೆಯ ದಿನವೇ ಬಸ್ಸು ಹಿಡಿದು ಬೆಳಕವಾಡಿಗೆ ಹೋದೆ. ಅವಳೊಬ್ಬಳಿಗೇ ತಾನೇ ಕೊಟ್ಟದ್ದು ಎಂಬ ಧೈರ್ಯ ನನ್ನದು. ಬಾಗಿಲಲ್ಲೇ ನಿಂತು ಬಾಯಿಗೆ ಬಂದ ಹಾಗೆ ಅಂದೆ. ನಂಬಿಕೆ, ಕೃತಜ್ಞತೆ, ಮೂವತ್ತು ವರ್ಷ ಪಾಠ ಮಾಡಿದವರ ಬಾಯಲ್ಲಿ ಇನ್ನೇನು ಬರುತ್ತದೆ! ಅವಳು ಅಳಲಿಲ್ಲ. ‘ನಾನ್ ಯಾರ್ಗೂ ಕೊಟ್ಟಿಲ್ಲ ಮೇಡಂ. ಆದ್ರೆ ಪೋನ್ನ ಮನೇಲಿ ಎಲ್ರೂ ಮುಟ್ತಾರೆ. ಯಾರ್ ಏನ್ ತಗಂಡ್ರು ಅಂತ ನಂಗೆಂಗ್ ಕಾಣ್ಬೇಕು?’ ಅಂದು ಫೋನನ್ನು ನನ್ನ ಕಡೆ ಚಾಚಿ ‘ನೀವೇ ಅಳಿಸ್ಬುಡಿ’ ಅಂದಳು. ನಾನು ಹನ್ನೊಂದು ಅಧ್ಯಾಯವನ್ನೂ ಒಂದೊಂದಾಗಿ ಅಳಿಸಿದೆ ಕಣೋ. ಅವಳು ಇನ್ನೂ ಆರನೆಯದರಲ್ಲಿದ್ದಳು. ಅವಳ ಅಜ್ಜಿ ಪಟ್ಟಲಮ್ಮ ಜಗುಲಿಯಿಂದಲೇ ‘ಏನವ್ವ, ನಿನ್ ತಮ್ಮನ್ ಪುಸ್ತಕಾನ ನಮ್ಮುಡ್ಗಿ ಕೇಳ್ಬುಟ್ರೆ ಸವ್ದೋದದ?’ ಎಂದು ಕೇಳಿದರು. ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಬಂದೆ.

ಆಮೇಲೆ ಮದ್ದೂರಿಗೆ ಹೋದೆ. ಆ ಚಾನೆಲ್ ನಡೆಸುವವನು ಸಂತೋಷ್ ಅಂತ, ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಚಾನೆಲಿನಲ್ಲಿ ಅಂಗಡಿಯ ವಿಳಾಸವನ್ನೇ ಹಾಕಿಕೊಂಡಿದ್ದ, ಅಷ್ಟು ರಾಜಾರೋಷ. ಕಳ್ಳನ ಮುಖ ಹೇಗಿರುತ್ತದೋ ನೋಡೇಬಿಡೋಣ ಎಂದು ಹೋದರೆ ಅವನು ಸ್ಟೂಲ್ ಎಳೆದು ಕೂರಿಸಿ ಕಾಫಿ ತರಿಸಿದ. ‘ಇದು ಕಳ್ಳತನ’ ಅಂದೆ. ‘ಅಂಗಡೀಲಿ ಸಿಗೋದ್ನ ಕದ್ರೆ ಕಳ್ತನ ಅಕ್ಕ. ಎಲ್ಲೂ ಸಿಗದೇ ಇರದ್ನ ಜನ ಎಲ್ಲೋಗ್ ತಗಬೇಕು? ನಲವತ್ ಸಾವ್ರ ಜನ ಕೇಳವ್ರೆ, ನೋಡಿ ಬೇಕಾರೆ’ ಅಂದ. ಬರೆದವನನ್ನು ಕೇಳಬಹುದಿತ್ತಲ್ಲ, ಅವನ ನಂಬರ್ ಪುಸ್ತಕದ ಕೊನೆಯಲ್ಲೇ ಇದೆ ಅಂದೆ. ‘ನೀವು ಓದಿರೋದ್ರಲ್ಲಿ ನಂಬರ್ ಇಲ್ವಲ್ಲಕ್ಕ’ ಅಂದ. ಮೈ ಉರಿದುಹೋಯಿತು. ಹಾಗಾದರೆ ಮಧ್ಯೆ ಮಧ್ಯೆ ಜಾಹೀರಾತು ಹಾಕಿದ್ದೀಯಲ್ಲ, ಅದರಿಂದ ಬಂದದ್ದು ಯಾರಿಗೆ ಎಂದು ಕೇಳಿದಾಗ ಮಾತ್ರ ತಲೆ ತಗ್ಗಿಸಿ ಯಾರದೋ ಫೋನಿನ ಸ್ಕ್ರೂ ಬಿಚ್ಚತೊಡಗಿದ.

ನಿನಗೆ ಇದು ಯಾರಿಂದ ಬಂತು, ಬೆಳಕವಾಡಿಯವರಿಂದ ತಾನೇ ಎಂದೆ. ಬೆಳಕವಾಡಿಯಲ್ಲಿ ತನಗೆ ಯಾರೂ ಗೊತ್ತಿಲ್ಲ ಎಂದು ಅವನು ತನ್ನ ಫೋನಿನಲ್ಲಿ ಮೊದಲನೆಯ ಅಧ್ಯಾಯ ಒತ್ತಿದ. ಅದುವರೆಗೆ ನಾನು ಆ ಚಾನೆಲಿನದನ್ನು ಒಂದು ಸಲವೂ ಕೇಳಿರಲಿಲ್ಲ, ಹೆಸರು ನೋಡಿದ್ದಕ್ಕೇ ಕೆಂಡವಾಗಿದ್ದೆ. ನನ್ನ ಧ್ವನಿ ಬಂತು: ‘ಶಶಿ, ಕೇಳೇ, ನಮ್ ಮಹದೇವ ಬರ್ದಿರೋದು. ನಾನೇ ಓದಿದೀನಿ.’

ಶಶಿರೇಖಾ ನಿನಗೆ ಗೊತ್ತಲ್ಲ, ನನ್ನ ಜೊತೆ ಕೆಲಸ ಮಾಡಿದವಳು, ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದಳು. ಬೇಜಾರು ಅಂದಳು ಎಂದು ಮೊದಲ ಅಧ್ಯಾಯಕ್ಕೆ ಆ ಎರಡು ಮಾತು ಸೇರಿಸಿ ಕಳಿಸಿದ್ದೆ. ಚೆನ್ನಾಗಿದೆ ಅಂದಾಗ ಉಬ್ಬಿ ಉಳಿದ ಹತ್ತನ್ನೂ ಕಳಿಸಿದ್ದೆ. ಕಳಿಸಿದ್ದು ಮರೆತೇಹೋಗಿತ್ತು ಅಂದರೆ ನಂಬುತ್ತೀಯಾ? ಕೊಟ್ಟದ್ದು ಎಂದು ಅನ್ನಿಸಿಯೇ ಇರಲಿಲ್ಲ. ಅವಳು ಮದ್ದೂರಿನ ನಾದಿನಿಗೆ ಕಳಿಸಿದಳು, ಆ ನಾದಿನಿ ಈ ಸಂತೋಷನಿಗೆ ಅತ್ತೆಯಾಗಬೇಕು, ಅವಳಿಂದ ಇವನಿಗೆ ಬಂತು. ಇವರಲ್ಲಿ ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಪುಸ್ತಕ ಇಷ್ಟವಾಯಿತು ಅಷ್ಟೇ. ಇಷ್ಟವಾದದ್ದಕ್ಕೇ ನಿನ್ನ ಹೊಟ್ಟೆಯ ಮೇಲೆ ಹೊಡೆದರು, ಮೊದಲನೆಯವಳು ನಾನು.

ಸಂತೋಷ್ ನನ್ನ ಮುಖ ನೋಡಿ ಆಗಲೇ ಎಲ್ಲವನ್ನೂ ಚಾನೆಲಿನಿಂದ ತೆಗೆದ. ‘ತಗ್ದಿದೀನಿ ಅಕ್ಕ, ಆದ್ರೆ ಬೇರೆ ನಾಕೈದ್ ಕಡೆ ಓಗ್ಬುಟ್ಟದೆ, ಅದ್ನ ನಾನ್ ಇಡಿಯಕಾಗಕಿಲ್ಲ’ ಅಂದ. ಬಸ್ಸಿನಲ್ಲಿ ಬರುತ್ತಾ ನಿನ್ನ ಮೇಲೂ ಸಿಟ್ಟು ಬಂತು. ಪ್ರತಿ ದೀಪಾವಳಿಗೆ ಪೆನ್‌ಡ್ರೈವ್ ತುಂಬ ಸಿನಿಮಾ ತುಂಬಿಕೊಂಡು ಬಂದು ಮನೆಮಂದಿಗೆಲ್ಲ ತೋರಿಸುವವನು ನೀನು. ಅವನ್ನು ತೆಗೆದವರೂ ಹತ್ತು ವರ್ಷ ಒದ್ದಾಡಿರಬಹುದಲ್ಲ? ಇದನ್ನೇ ಬರೆದು ನಿನ್ನ ಬಾಯಿ ಮುಚ್ಚಿಸಬೇಕು ಎಂದು ಮಳವಳ್ಳಿ ಬರುವವರೆಗೂ ಮಾತು ಜೋಡಿಸಿದೆ. ಇಳಿಯುವಾಗ ನಾಚಿಕೆಯಾಯಿತು. ನಿನ್ನ ತಪ್ಪು ಹಿಡಿದರೆ ನನ್ನದು ತೊಳೆದುಹೋಗುವುದಿಲ್ಲ. ಆದರೂ ಒಂದು ಮಾತು ನುಂಗಲಾರೆ. ಕೊಳ್ಳುವವರು ಕಡಿಮೆ ಎಂದು ಪ್ರಕಾಶಕ ಮತ್ತೆ ಅಚ್ಚು ಹಾಕಲಿಲ್ಲ, ಕಂಪನಿ ಧ್ವನಿ ಕೊಡಲಿಲ್ಲ. ವ್ಯಾಪಾರಕ್ಕೆ ಗಿಟ್ಟದ ಜನ ಕಥೆ ಕೇಳಲೇಬಾರದು ಎಂದರೆ ಅದು ಯಾವ ನ್ಯಾಯ? ಕದ್ದು ಹಂಚುವುದು ಸರಿಯಲ್ಲ, ಸರಿ. ಕೊಡದೆ ಬೀಗ ಹಾಕಿ ಇಟ್ಟುಕೊಳ್ಳುವುದು ಸರಿಯೇ? ಈ ಎರಡರ ಮಧ್ಯೆ ನಿಂತು ಯಾರಿಗೆ ಬೈಯಬೇಕೋ ತಿಳಿಯದೆ ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೇನೆ.

ನಿನ್ನೆ ಮತ್ತೆ ಬೆಳಕವಾಡಿಗೆ ಹೋಗಿ ಅರುಂಧತಿಯ ಕೈ ಹಿಡಿದು ‘ತಪ್ಪಾಯ್ತು ಕಣವ್ವ, ಕಳಿಸಿದವಳು ನಾನೇ’ ಅಂದೆ. ಅಜ್ಜಿ ಏನಾದರೂ ಅನ್ನುತ್ತಾರೆ ಎಂದು ಕಾದೆ, ಅವರು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು. ಉಳಿದದ್ದನ್ನು ಕೇಳಿ ಮುಗಿಸಿದೆಯಾ ಎಂದು ಅರುಂಧತಿಯನ್ನು ಕೇಳಿದೆ, ಬೇರೆ ಚಾನೆಲ್‌ಗಳಲ್ಲಿ ಇನ್ನೂ ಇದೆಯಲ್ಲ ಎಂದು. ‘ಇಲ್ಲ ಮೇಡಂ. ಪ್ರೆಂಡು ಕಳಿಸ್ತೀನಿ ಅಂದ್ಲು, ಬ್ಯಾಡ ಅಂದೆ. ನೀವ್ ಅಳ್ಸುದ್ರಲ್ಲ’ ಅಂದಳು. ನಲವತ್ತು ಸಾವಿರ ಜನ ಕೇಳಿದ ಪುಸ್ತಕವನ್ನು, ಯಾರಿಗಾಗಿ ಓದಿದೆನೋ ಆ ಹುಡುಗಿ ಮಾತ್ರ ಕೇಳಿಲ್ಲ. ಕಾಲೇಜಿಗೆ ಬೇರೆ ಪುಸ್ತಕದ ಮೇಲೆ ಬರೆದುಕೊಟ್ಟಳಂತೆ. ನನ್ನ ಫೋನಿನಿಂದ ಮತ್ತೆ ಹಾಕಿಕೊಡುತ್ತೇನೆ ಅಂದೆ. ‘ಬರ್ದಿರೋ ಸರ್ ಒಪ್ಪುದ್ರೆ ಕೇಳ್ತೀನಿ’ ಅಂದಳು. ನನಗೆ ಹೊಳೆಯದ ಮಾತು ಅವಳಿಗೆ ಹೊಳೆಯಿತು ನೋಡು.

ನೀನು ಕಳೆದುಕೊಂಡದ್ದನ್ನು ನಾನು ತುಂಬಿಕೊಡಲಾರೆ, ಕ್ಷಮಿಸು. ಪುಷ್ಪಾಗೆ ನನ್ನ ನೆನಪು ತಿಳಿಸು, ನಿನ್ನ ಪರವಾಗಿ ಸುಳ್ಳು ಹೇಳಿಸಿ ಅವಳನ್ನು ದಣಿಸಬೇಡ. ಪ್ರೀತಂಗೆ ಮುತ್ತು. ನೀವೆಲ್ಲ ನೂರು ಕಾಲ ತಣ್ಣಗಿರಿ.

ಇಂತಿ ನಿನ್ನ ಅಕ್ಕ,
ನಾಗರತ್ನ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆಗೆ ಹೊರಟಿದ್ದೆ, ಆ ಕಂಪನಿಯ ಹುಡುಗಿ ನನ್ನ ನಂಬರ್ ಎಲ್ಲಿಂದಲೋ ಹುಡುಕಿ ಫೋನ್ ಮಾಡಿದಳು. ನೀನು ಅವರದನ್ನೂ ಎತ್ತುತ್ತಿಲ್ಲವಂತೆ. ಅಷ್ಟು ಜನ ಕೇಳಿರುವುದು ನೋಡಿ ಈಗ ಅವರಿಗೆ ಮಾರ್ಕೆಟ್ ಕಾಣಿಸಿದೆ. ನಟರು ಬೇಡ, ನನ್ನ ಧ್ವನಿಯೇ ಬೇಕಂತೆ. ಕಣ್ಣು ಕಾಣದವರಿಗೆ ಬಿಟ್ಟಿಯಾಗಿ ಕೊಡುವುದಾದರೆ ಓದುತ್ತೇನೆ ಅಂದೆ. ‘ಅದಕ್ಕೆ ನಮ್ಮಲ್ಲಿ ಪಾಲಿಸಿ ಇಲ್ಲ ಮೇಡಂ’ ಅಂದಳು. ‘ಹಂಗಾದ್ರೆ ನನ್ನ ಗಂಟಲಲ್ಲೂ ಧ್ವನಿ ಇಲ್ಲ ಕಣಮ್ಮ’ ಅಂದು ಇಟ್ಟೆ. ಈ ವಾರ ನಿನಗೆ ಕರಾರು ಪತ್ರ ಬರುತ್ತದೆ. ಪುಸ್ತಕ ನಿನ್ನದು, ಬೇರೆಯವರಿಂದ ಓದಿಸಿದರೂ ನಾನು ಅಡ್ಡ ಬರುವುದಿಲ್ಲ, ನಿನಗೆ ಬರಬೇಕಾದದ್ದು ಬರಲಿ. ಸಹಿ ಹಾಕುವ ಮುಂಚೆ ಕಣ್ಣು ಕಾಣದವರಿಗೆ ಬಿಟ್ಟಿ ಎಂಬ ಆ ಒಂದು ಸಾಲು ಸೇರಿಸಿ ಎಂದು ನೀನು ಕೇಳು, ಬರೆದವನು ಕೇಳಿದರೆ ತೂಕ ಬೇರೆ. ಅರುಂಧತಿಯ ನಂಬರನ್ನು ಕವರಿನ ಒಳಗೆ ಬರೆದಿದ್ದೇನೆ. ನನಗೆ ಮಾಡದಿದ್ದರೂ ಪರವಾಗಿಲ್ಲ, ಅವಳಿಗೆ ಇವತ್ತೇ ಮಾಡಿ, ಕೇಳವ್ವ ಅಂತ ಒಂದು ಮಾತು ಹೇಳು.